ಇಬ್ಬರಿಗೊಂದು ಹಿತ್ತಲು

ಮುಂಜಾನೆ ತಾನೇ ಕೈಯಾರೆ ಹಾಕಿಹೋದ ಗೇಟು ಸಂಜೆ ಬರುವಷ್ಟರಲ್ಲಿ ಹಾರು ಹೊಡೆದಿತ್ತು.

ಮಂಗಲಾ ಸ್ಕೂಟಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ಮನೆಯ ಪಕ್ಕದ ಸಂದಿಯಿಂದ ಸಪ್ಪಳವಾಗದಂತೆ ಹಿಂದೆ ಹೋದಳು. ಕಟ್ಟಡದವರು ಬಿಟ್ಟುಹೋದ ಇಟ್ಟಂಗಿ ಚೂರು, ಒಣಗಿದ ಸಿಮೆಂಟ್ ಗಟ್ಟಿಗಳ ನಡುವೆ ಒಬ್ಬ ಗಂಡಸು ಬಗ್ಗಿ ನಿಂತಿದ್ದ. ಹಲ್ಲಲ್ಲಿ ಅಳತೆ ಟೇಪಿನ ತುದಿ, ಕೈಯಲ್ಲಿ ಸುಣ್ಣದ ಪುಡಿಯ ಡಬ್ಬಿ. ಯಾರದೋ ಮದುವೆಯ ಅಂಗಳದಲ್ಲಿ ರಂಗೋಲಿ ಹಾಕುತ್ತಿರುವವನ ಹಾಗೆ, ಬಲು ನಿಶ್ಚಿಂತೆಯಿಂದ ಅವಳ ಹಿತ್ತಲಿನ ತುಂಬ ಬಿಳಿ ಗೆರೆ ಎಳೆಯುತ್ತಿದ್ದ.

"ಯಾರ್ರೀ ಅದು? ಯಾರ್ನ ಕೇಳಿ ಒಳಗ ಬಂದ್ರಿ?"

ಅವನು ಬೆಚ್ಚಿದ. ಅರ್ಧ ಡಬ್ಬಿ ಸುಣ್ಣ ಅವನ ಕಾಲ ಮೇಲೇ ಬಿತ್ತು.

"ಮಹಾಲಿಂಗ ಕಾಂಟ್ರಾಕ್ಟರ್ ಮನಿ ಅಲ್ಲೇನ್ರಿ ಇದು? ಬೂದಿ ಬಣ್ಣದ ಮನಿ, ಕರೀ ಗೇಟು ಅಂತ ಹೇಳಿದ್ರು. ಮನ್ಯಾಗ ಯಾರೂ ಇರೂದಿಲ್ಲ, ಅಳತಿ ತಗೊಂಡು ಹೋಗ್ರಿ ಅಂದಿದ್ರು."

"ಅವ್ರ ಮನಿ ಬಾಜೂಕ ಐತಿ."

ಅವನು ಪಕ್ಕದ ಮನೆ ನೋಡಿದ. ಅದೂ ಬೂದಿ ಬಣ್ಣ, ಅದಕ್ಕೂ ಕರಿ ಗೇಟು. ಆಮೇಲೆ ತಾನು ಎಳೆದ ಗೆರೆಗಳನ್ನು ನೋಡಿದ. ಅವನ ಮುಖ ಕಂಡು ಮಂಗಲಾಗೆ ನಗು ಬರುವುದರಲ್ಲಿತ್ತು, ತಡೆದಳು.

"ಭಾಳ ತಪ್ಪಾತ್ರಿ ಮೇಡಂ. ಎಲ್ಲಾ ಅಳಿಸಿಬಿಡ್ತೇನಿ."

"ಬಿಡ್ರಿ. ಮಳಿ ಬಂದ್ರ ತಾನ ಹೋಗತೈತಿ. ನೀವು ಮೊದಲ ಹೊರಗ ನಡೀರಿ."

"ಏಪ್ರಿಲ್‌ನ್ಯಾಗ ನಮ್ಮ ಜಮಖಂಡಿಗೆ ಮಳಿ ಎಲ್ಲಿಂದ ಬರತೈತ್ರಿ?" ಅಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಮುಂಬಾಗಿಲ ತನಕ ನಡೆದು ಬಂದಾಗ ಅಲ್ಲಿದ್ದ ಗಂಡಸರ ಚಪ್ಪಲಿಗಳ ಮೇಲೆ ಅವನ ಕಣ್ಣು ಬಿತ್ತು. "ಸಾಹೇಬ್ರು ಒಳಗ ಅದಾರೇನ್ರಿ? ಅವ್ರಿಗೂ ಒಂದ್ ಮಾತು ಹೇಳಿ ಹೋಗ್ತೇನಿ."

"ಅವ್ರು ಸೊಲ್ಲಾಪುರದಾಗ ಕೆಲಸದಾಗ ಅದಾರ," ಅಂದಳು ಮಂಗಲಾ. "ಶನಿವಾರ ಬರ್ತಾರ."

ಅದು ಅವಳ ಬಾಯಿಗೆ ರೂಢಿಯಾದ ಮಾತು. ಹಾಲಿನವನಿಗೆ, ಸಿಲಿಂಡರ್ ತರುವವನಿಗೆ, ಮೀಟರ್ ನೋಡಲು ಬರುವವನಿಗೆ, ಎಲ್ಲರಿಗೂ ಅದೇ ಮಾತು. ಸೊಲ್ಲಾಪುರದಲ್ಲಿ ಯಾರೂ ಇರಲಿಲ್ಲ. ಮದುವೆಯಾಗಿದ್ದು ನಿಜ, ಅದು ಮುರಿದು ವಿಚ್ಛೇದನವಾಗಿ ವರ್ಷಗಳಾಗಿದ್ದವು. ಆಮೇಲೆ ಮುಧೋಳದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ, ಒಬ್ಬಳೇ ಇರುತ್ತೇನೆ ಎಂದದ್ದಕ್ಕೆ ಮನೆಯೊಡತಿ ಅವಳನ್ನು ಕಾಲಿನಿಂದ ತಲೆಯ ತನಕ ನೋಡಿ ಬಾಗಿಲು ಮುಂದೆ ಮಾಡಿದ್ದಳು. ಮರುದಿನ ಇನ್ನೊಂದು ಮನೆಯ ಮುಂದೆ ನಿಂತಾಗ ಸೊಲ್ಲಾಪುರದ ಗಂಡ ಹುಟ್ಟಿಕೊಂಡ. ಜಮಖಂಡಿ ಕೋರ್ಟಿಗೆ ಸ್ಟೆನೋ ಆಗಿ ಬಂದು, ಮುಧೋಳ ರಸ್ತೆಯ ಹೊಸ ಲೇಔಟಿನಲ್ಲಿ ಸ್ವಂತ ಮನೆ ಕಟ್ಟಿಸಿದ ಮೇಲೂ ಅವನು ಅವಳ ಜೊತೆಗೇ ಬಂದ. ಸಂತೆಯಲ್ಲಿ ಕೊಂಡ ಆ ಚಪ್ಪಲಿ ಜೋಡಿಯನ್ನು ವಾರಕ್ಕೊಮ್ಮೆ ಅವಳೇ ಒರೆಸಿ ಇಡುತ್ತಿದ್ದಳು.

ಆ ಸಂಜೆ ಚಹಾ ಕಪ್ಪು ಹಿಡಿದು ಹಿತ್ತಲಿಗೆ ಬಂದಳು. ಎಂದೂ ಹಾಗೆ ಬಂದವಳಲ್ಲ. ಆ ಕಡೆ ಬಟ್ಟೆ ಒಣಹಾಕುವುದೊಂದೇ ಕೆಲಸ. ಬಿಳಿ ಗೆರೆಗಳ ನಡುವೆ, ದಾರಿಯಂತೆ ಕಂಡ ಕಡೆ ಕಾಲಿಟ್ಟು ನಡೆದಳು. ಅಡುಗೆಮನೆಯ ಬಾಗಿಲ ಹತ್ತಿರ ಒಂದು ಪುಟ್ಟ ಚೌಕ. ಅಲ್ಲಿಂದ ದಾರಿ ಬಾಗಿ ಪಡುವಣ ಗೋಡೆಯ ತನಕ ಹೋಗಿತ್ತು. ಅಲ್ಲಿ ಎರಡು ದುಂಡನೆಯ ಗುರುತು, ಒಂದರ ಪಕ್ಕ ಒಂದು.

ಮರುದಿನ ಮಹಾಲಿಂಗನಿಂದ ನಂಬರ್ ಪಡೆದು ಫೋನ್ ಮಾಡಿದಳು.

"ನಿನ್ನಿ ನಮ್ಮನಿ ಹಿತ್ತಲದಾಗ ಗೆರಿ ಹೊಡದ್ರಲ್ಲ... ಆ ಮೂಲ್ಯಾಗ ಎರಡು ದುಂಡು ಹಾಕೀರಿ. ಅವು ಏನು?"

"ಕುರ್ಚಿ ರೀ," ಅಂದ ಅವನು. "ಅಲ್ಲಿ ಸಂಜೀಕ ನೆಳ್ಳ ಬೀಳತೈತಿ. ಕುಂತು ಮಾತಾಡಾಕ ಛಲೋ."

ಮಂಗಲಾ ಫೋನ್ ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದು ಆ ದುಂಡುಗಳನ್ನು ನೋಡಿದಳು.

"ಹಲೋ? ಮೇಡಂ?"

"ನಮಗೂ ಒಂದು ತೋಟಾ ಮಾಡಿಕೊಡ್ತೀರೇನು?"

*

ಅವನ ಹೆಸರು ಗೌರೀಶ. ರಬಕವಿಯ ನೇಕಾರರ ಮನೆಯ ಮಗ. ಪುಣೆಯಲ್ಲಿ ದೊಡ್ಡವರ ಬಂಗಲೆಗಳಿಗೆ ತೋಟ ಮಾಡುವ ಕಂಪನಿಯಲ್ಲಿದ್ದು, ಅಪ್ಪ ತೀರಿಕೊಂಡ ಮೇಲೆ ತಾಯಿ ಒಬ್ಬಳೇ ಆದಳೆಂದು ತಿರುಗಿ ಬಂದಿದ್ದ. ಹುನ್ನೂರ ರಸ್ತೆಯಲ್ಲಿ ಸಣ್ಣದೊಂದು ನರ್ಸರಿ ಇಟ್ಟುಕೊಂಡಿದ್ದ. ನಲವತ್ತು ದಾಟುತ್ತಿದ್ದರೂ ಮದುವೆಯಾಗಿರಲಿಲ್ಲ. ಅದನ್ನು ಅವನೇ ನಗುತ್ತ ಹೇಳಿಕೊಂಡ.

"ಮಗ್ಗದ ಮನಿಗೆ ಹೆಣ್ಣು ಕೊಡೂದಿಲ್ಲ ಅಂತಾರ. ಗಿಡಾ ಮಾರಾವ್ನಿಗೆ ಮೊದಲ ಕೊಡೂದಿಲ್ಲ. ನಾ ಎರಡೂ ಆಗೇನಿ ನೋಡ್ರಿ."

ರವಿವಾರ ಮುಂಜಾನೆ ಬಂದ. ಶನಿವಾರ ಬ್ಯಾಡ, ಅವ್ರು ಬಂದು ರವಿವಾರ ನಸುಕಿಗೇ ತಿರುಗಿ ಹೋಗ್ತಾರ ಎಂದು ಅವಳೇ ಹೇಳಿದ್ದಳು. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ಸೀರೆಯ ಅಂಚಿನ ನಮೂನೆ ಬರೆಯುವ ಚೌಕುಳಿ ಹಾಳೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಪ್ರಶ್ನೆ ಕೇಳತೊಡಗಿದ. ಯಾವ ಗಿಡ ಬೇಕು ಎಂದು ಕೇಳುತ್ತಾನೆ ಅಂದುಕೊಂಡಿದ್ದಳು. ಅವನು ಬೇರೆಯದನ್ನೇ ಕೇಳಿದ.

"ಮುಂಜಾನೆದ್ದು ಮೊದಲ ಯಾವ ಬಾಗಲಾ ತೆಗಿತೀರಿ?"

"ಇದ. ಅಡಗಿಮನಿದು."

"ಜಳಕದ ನೀರು ಯಾ ಕಡೆ ಹೋಗತೈತಿ?"

"ಅಲ್ಲಿ."

"ಅಲ್ಲಿ ಬಾಳಿ ಹಚ್ಚೂಣು. ಕೋರ್ಟಿಂದ ಬಂದು ಎಲ್ಲಿ ಕುಂದರ್ತೀರಿ?"

ಅವಳು ಯೋಚಿಸಿದಳು. ಟಿವಿ ಮುಂದೆ ಎಂದು ಹೇಳಲು ಯಾಕೋ ನಾಚಿಕೆಯಾಯಿತು. "ಎಲ್ಲೂ ಕುಂದ್ರೂದಿಲ್ಲ."

ಅವನು ತಲೆಯೆತ್ತಿ ನೋಡಿದ. ಮಾತಿನ ಹಿಂದೆ ಏನಿದೆ ಎಂದು ಹುಡುಕುವ ನೋಟ. ತಕ್ಷಣ ಹಾಳೆಗೆ ಮರಳಿದ. "ಮನ್ಯಾಗ ಎಷ್ಟು ಮಂದಿ?"

"ಇಬ್ರು."

"ಸಾಹೇಬ್ರಿಗೆ ಏನ್ ಸೇರತೈತ್ರಿ? ಹೂವಿನ ಗಿಡಾನೋ, ಹಣ್ಣಿನ ಗಿಡಾನೋ?"

ಗಂಡನಿಗೆ ಚಪ್ಪಲಿಯ ಸೈಜು ಬಿಟ್ಟರೆ ಅವಳು ಇನ್ನೇನನ್ನೂ ಕೊಟ್ಟಿರಲಿಲ್ಲ. "ಗುಲಾಬಿ," ಅಂದಳು ತೋಚಿದ್ದನ್ನು.

ಹೀಗೆ ಶುರುವಾಯಿತು. ಚೌಕುಳಿ ಹಾಳೆಯ ಮೇಲೆ ಹಿತ್ತಲು ನಿಧಾನವಾಗಿ ಮೂಡಿತು. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆಂದು ಕಾಯಿಪಲ್ಲೆಯ ಮಡಿಗಳನ್ನು ಎತ್ತರಿಸಿದ. ಕರಿಬೇವು ಕೈಗೆ ಸಿಗುವಂತೆ ಅಡುಗೆಮನೆಯ ಬಾಗಿಲಿಗೆ ಬಂತು. ಮುಳ್ಳಿದೆಯೆಂದು ಲಿಂಬೆ ದೂರ ಹೋಯಿತು. ಪಡುವಣ ಗೋಡೆಗೆ ಒರಗಿ ಹೀರೆಬಳ್ಳಿಯ ಚಪ್ಪರ, ನಡೆದಾಡಲು ಪರಸಿ ಹಾಸುಗಲ್ಲಿನ ದಾರಿ. ಮಲ್ಲಿಗೆ ಎಲ್ಲಿ ಎಂಬುದಕ್ಕೆ ಇಬ್ಬರೂ ಒಂದು ಇಡೀ ರವಿವಾರ ವಾದ ಮಾಡಿದರು. ಅವಳು ಗೇಟಿನ ಹತ್ತಿರ ಅಂದಳು. ಮಲಗುವ ಕೋಣೆಯ ಕಿಟಕಿಯ ಕೆಳಗೆ ಅಂದ ಅವನು. ಅಂದು ಕಿವಿಯ ತನಕ ಕೆಂಪಾದ. ಆಮೇಲೆ ಅದೇ ಜಾಗ ಖಾಯಂ ಆಯಿತು, ಯಾರೂ ಆ ಬಗ್ಗೆ ಮಾತಾಡಲಿಲ್ಲ.

ಮೇ ತಿಂಗಳಲ್ಲಿ ಕುಣಿ ತೆಗೆಸಿ ಬಿಸಿಲಿಗೆ ಬಿಟ್ಟ. ಮಣ್ಣು ಕಾಯಬೇಕು, ಹುಳ ಸಾಯಬೇಕು ಎಂದ. ಖಾಲಿ ಕುಣಿಗಳನ್ನು ನೋಡಲು ದಿನಾ ಬರುವ ಅಗತ್ಯವಿರಲಿಲ್ಲ. ಆದರೂ ಸಂಜೆ ಅವಳ ಸ್ಕೂಟಿಯ ಹಿಂದೆಯೇ ಅವನ ಬೈಕು ಬರುತ್ತಿತ್ತು.

ಒಂದು ದಿನ ಚಹಾ ಕುಡಿಯುತ್ತ, ಶಾಲೆಗೆ ಹೋಗುವಾಗ ಪೇರಲ ಹಣ್ಣಿಗೆ ಉಪ್ಪು ಖಾರಪುಡಿ ಹಚ್ಚಿ ತಿನ್ನುತ್ತಿದ್ದುದನ್ನು ಹೇಳಿದ. ಮರುದಿನ ಅವಳು ಯೋಚನೆ ಮಾಡದೆ ಅಂದಳು: "ಆ ಮೂಲ್ಯಾಗ ಒಂದು ಪೇರಲ ಹಚ್ಚೂಣೇನ್ರಿ? ಅವ್ರಿಗೆ ಪೇರಲ ಅಂದ್ರ ಜೀವ."

"ಖರೇನ?"

"ಹೂಂ. ಉಪ್ಪು ಖಾರಾ ಹಚಗೊಂಡು ತಿಂತಾರ."

ಅವನು ನಕ್ಕ. ಆಮೇಲೆ ಅವಳಿಗೆ ಸಕ್ಕರೆ ಇಲ್ಲದ ಚಹಾ ಕುಡಿಯುವ ಗಂಡ, ಗುಲಾಬಿಗಿಂತ ಪಾರಿಜಾತ ಹೆಚ್ಚೆನ್ನುವ ಗಂಡ, ಜೋರಾಗಿ ಮಾತಾಡದ ಗಂಡ ಒಬ್ಬೊಬ್ಬನಾಗಿ ಸಿಕ್ಕುತ್ತ ಹೋದ.

"ನಿಮ್ಮ ಮನಿಯವ್ರು ಎಲ್ಲಾದ್ರಾಗೂ ನನ್ನಂಗ ಅದಾರ ನೋಡ್ರಿ," ಅಂದ ಗೌರೀಶ ಒಮ್ಮೆ, ನಗುತ್ತಲೇ.

"ನಿಮ್ಮಷ್ಟು ಬಾಯಿ ಇಲ್ಲ ಅವ್ರಿಗೆ," ಅಂದಳು ಮಂಗಲಾ.

ಅವನ ನಗು ನಿಂತರೂ ಕಣ್ಣು ಅವಳನ್ನು ಬಿಡಲಿಲ್ಲ. ಅವಳೇ ಮೊದಲು ಕಪ್ಪಿನೊಳಗೆ ನೋಡಿದಳು. ಅವನು ಹೋದ ಮೇಲೆ ಅವನ ಕಪ್ಪನ್ನು ತೊಳೆಯಲು ಅವಳಿಗೆ ಮನಸ್ಸಾಗಲಿಲ್ಲ. ಸಿಂಕಿನಲ್ಲಿ ಎರಡು ಕಪ್ಪುಗಳು ಇದ್ದ ಮನೆ ಒಂದು ಕಪ್ಪು ಇದ್ದ ಮನೆಗಿಂತ ಬೇರೆ ಇರುತ್ತದೆ ಅನ್ನಿಸಿತು.

ಜೂನಿನ ಮಿರಗದ ಮಳೆ ಹಿಡಿಯುವ ಮೊದಲು ಒಂದು ಸಂಜೆ ಇದ್ದಕ್ಕಿದ್ದಂತೆ ಗಾಳಿ ಎದ್ದು ಹನಿ ಬಿತ್ತು. ಗೌರೀಶ ಹಿತ್ತಲಿನಿಂದ ಓಡಿ ಬಂದ. ಒಳಗೆ ಬರುವ ಬದಲು ಮುಂಬಾಗಿಲಲ್ಲಿ ಬಗ್ಗಿ, ಆ ಗಂಡಸರ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಎತ್ತಿ, ತನ್ನ ಅಂಗಿಯ ತೋಳಿಗೆ ನೀರು ಒರೆಸಿ, ಹೊಸ್ತಿಲ ಒಳಗೆ ಜೋಡಿಸಿಟ್ಟ.

"ಸಾಹೇಬ್ರ ಚಪ್ಪಲ್ ತೊಯ್ತಿದ್ವು ರೀ," ಅಂದ. ತಾನು ಮಳೆಯಲ್ಲೇ ನಿಂತಿದ್ದ.

ಅವಳು ಒಳಗ ಬರ್ರಿ ಎನ್ನಬೇಕಿತ್ತು. ಅನ್ನಲಿಲ್ಲ. ಆ ಚಪ್ಪಲಿಗಳು ಅವರಿಬ್ಬರ ನಡುವೆ ಹೊಸ್ತಿಲ ಹತ್ತಿರ ಇದ್ದವು.

ಅಂದಿನಿಂದ ಅವನು ಬದಲಾದ. ಅವಳು ಕೋರ್ಟಿನಲ್ಲಿರುವ ಹೊತ್ತಿಗೆ ಬಂದು ಕೆಲಸ ಮುಗಿಸಿ ಹೋಗತೊಡಗಿದ. ಸಂಜೆ ಬಂದರೆ ಹೊಸದಾಗಿ ನೆಟ್ಟ ಗಿಡಗಳು, ಒದ್ದೆ ಮಣ್ಣು, ಮಣ್ಣಿನಲ್ಲಿ ಅವನ ಹೆಜ್ಜೆ. ಫೋನ್ ಮಾಡಿದರೆ "ಹೌದ್ರಿ", "ಆತ್ರಿ", ಅಷ್ಟೇ.

*

ಎಲ್ಲ ಗಿಡ ನೆಟ್ಟು ಮುಗಿದ ವಾರ, ಶನಿವಾರ ಸಂಜೆ ಗೌರೀಶ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ.

"ಇವತ್ತು ಸಾಹೇಬ್ರನ್ನ ಭೇಟಿ ಆಗಿ ಹೋಗಬೇಕಂತ ಬಂದೇನ್ರಿ," ಅಂದ. "ಅವ್ರ ತೋಟಾ ಅವ್ರಿಗೇ ತೋರಿಸಿ ಒಪ್ಪಿಸಿಬಿಡ್ತೇನಿ."

"ಅವ್ರು ಬರೂದು ತಡಾ ಆಗಬಹುದು."

"ಕಾಯ್ತೇನ್ರಿ."

ಇಬ್ಬರೂ ಹೊಸ ಕುರ್ಚಿಗಳ ಮೇಲೆ ಕೂತರು. ಮೋಡದ ಸಂಜೆ. ದೂರದ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅವನು ಕತ್ತೆತ್ತಿ ಕಿವಿಗೊಟ್ಟ. ಯಾರೂ ಬರಲಿಲ್ಲ. ಇನ್ನೊಂದು ಬಸ್ಸು ಹೋಯಿತು. ಇಲ್ಲದ ಮನುಷ್ಯನಿಗಾಗಿ ಒಬ್ಬರು ಇಷ್ಟು ಮರ್ಯಾದೆಯಿಂದ ಕಾಯುವುದನ್ನು ಪಕ್ಕದಲ್ಲಿ ಕೂತು ನೋಡುವುದಕ್ಕಿಂತ ಕಷ್ಟದ್ದನ್ನು ಮಂಗಲಾ ಕಂಡಿರಲಿಲ್ಲ.

"ನಿಮಗ ಅವ್ರನ್ನ ಯಾಕ ನೋಡಬೇಕಾಗೇತಿ?" ಕೇಳಿದಳು ಕೊನೆಗೆ.

ಅವನು ಅಂಗಿಯ ತೋಳು ಸರಿಪಡಿಸಿಕೊಂಡ. "ಒಮ್ಮೆ ಅವ್ರ ಮಾರಿ ನೋಡಿದ್ರ ನನ್ನ ಮನಸ್ಸಿಗೆ ಬುದ್ಧಿ ಬರತೈತಿ ಅಂತ ರೀ. ಈ ಹಿತ್ತಲದಾಗ ಗಿಡಾ ಹಚ್ಚಾಕತ್ತಾಗ ನಾ ಏನೇನೋ ನೆನಸಾಕತ್ತಿದ್ದೆ. ಮತ್ತೊಬ್ರ ಮನಿ ಇದು. ನನಗ ನನ್ನ ಮ್ಯಾಲ ಅಸಹ್ಯ ಬಂದೈತಿ. ಇನ್ನ ಮ್ಯಾಲ ಈ ಕಡೆ ಬರೂದಿಲ್ಲ. ಅದನ್ನೂ ಹೇಳಬೇಕಾಗಿತ್ತು."

"ಅವ್ರು ಬರೂದಿಲ್ಲ," ಅಂದಳು ಮಂಗಲಾ.

"ಇರಲಿ ಬಿಡ್ರಿ, ಮುಂದಿನ ಶನಿವಾರ..."

"ಯಾ ಶನಿವಾರಾನೂ ಬರೂದಿಲ್ಲ. ಸೊಲ್ಲಾಪುರದಾಗ ನನಗ ಯಾರೂ ಇಲ್ಲ. ಸೋಡಚೀಟಿ ಆಗಿ ಎಷ್ಟೋ ವರ್ಷ ಆತು. ನಾ ಒಬ್ಬಾಕಿನ ಇರ್ತೇನಿ."

ಅವನ ಮುಖದಲ್ಲಿ ಸಂತೋಷ ಹುಡುಕಿದಳು. ಕಾಣಲಿಲ್ಲ. ನಿಧಾನವಾಗಿ ಎದ್ದು ನಿಂತ.

"ಪೇರಲ ಹಣ್ಣು?"

"ನೀವು ಹೇಳಿದ್ದನ್ನ ಹೇಳಿದೆ."

"ಅಂದ್ರ ನಾ ಇಲ್ಲಿ ಕುಂತು ಇಲ್ಲದಾವ್ನ ಮುಂದ ಕಳ್ಳನಂಗ ಸಣ್ಣಾವ ಆಗಾಕತ್ತಿದ್ದೆ. ನೀವು ನೋಡಾಕತ್ತಿದ್ರಿ." ದನಿ ಏರಲಿಲ್ಲ, ಅದೇ ಅವಳಿಗೆ ಹೆಚ್ಚು ತಾಕಿತು. "ನನಗೂ ಹೆದರಿದ್ರೇನ್ರಿ? ಇಷ್ಟು ದಿನಾ ಆದ ಮ್ಯಾಲೂ?"

ಅವಳು ಕುರ್ಚಿಯಿಂದ ಏಳುವಷ್ಟರಲ್ಲಿ ಗೇಟು ಮುಚ್ಚಿದ ಸಪ್ಪಳವಾಯಿತು. ಸಿಟ್ಟಿನಲ್ಲೂ ಅವನು ಅಗಳಿ ಹಾಕಿಯೇ ಹೋಗಿದ್ದ.

*

ಮಳೆ ಚೆನ್ನಾಗಿ ಆಯಿತು. ಅವನು ಹಾಳೆಯ ಮೇಲೆ ಎಳೆದದ್ದೆಲ್ಲ ಚಿಗುರಿ ಮೇಲೆದ್ದಿತು. ಹೀರೆಬಳ್ಳಿ ಚಪ್ಪರ ಹತ್ತಿ ಹಳದಿ ಹೂ ಬಿಟ್ಟಿತು. ಮೆಂತ್ಯ, ಪುದೀನಾ ಒಬ್ಬಳಿಗೆ ತಿಂದು ಮುಗಿಯದಷ್ಟು ಬೆಳೆದು, ಅರ್ಧ ಅಲ್ಲೇ ಬಲಿತವು. ಮೊದಲಿನ ಬರಿ ಹಿತ್ತಲಿನಲ್ಲಿ ಒಬ್ಬಳೇ ಇರುವುದು ಅವಳಿಗೆ ರೂಢಿಯಿತ್ತು. ಈಗ ಇಬ್ಬರು ಸೇರಿ ವಾದ ಮಾಡಿ ಜಾಗ ಗೊತ್ತು ಮಾಡಿದ ಗಿಡಗಳ ನಡುವೆ ಒಬ್ಬಳೇ ಇರಬೇಕಿತ್ತು. ರಾತ್ರಿ ಮಲ್ಲಿಗೆಯ ವಾಸನೆ ಬಂದರೆ ಕಿಟಕಿ ಹಾಕಿಕೊಂಡು ಮಲಗುತ್ತಿದ್ದಳು.

ಎರಡು ಸಲ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಮೂರನೆಯ ಸಲ ಮಾಡಲು ಧೈರ್ಯವಾಗಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಸಿಲಿಂಡರ್ ತಂದ ಹಣಮಂತ ಎಂದಿನಂತೆ ಕೇಳಿದ, "ಸಾಹೇಬ್ರು ಬಂದಿಲ್ಲೇನ್ರಿ ಅಕ್ಕಾರ?"

ಬಾಯಿಗೆ ಬಂದ ಮಾತನ್ನು ಅವಳು ನುಂಗಿದಳು. "ಸಾಹೇಬ್ರು ಅಂತ ಯಾರೂ ಇಲ್ಲಪಾ. ನಾ ಒಬ್ಬಾಕಿನ ಇರೂದು."

ಹಣಮಂತ ಗಾಬರಿಯಾಗಿ ಸಿಲಿಂಡರ್ ಇಳಿಸಿ ಹೋದ. ಮಂಗಲಾ ಬಾಗಿಲಿಗೆ ಒರಗಿ ನಿಂತಳು. ಹೇಳಿ ಆಗಿತ್ತು. ಮರುದಿನ ರವಿವಾರ. ಅವಳು ಗೌರೀಶನ ಊರು ರಬಕವಿಯ ಬಸ್ಸು ಹತ್ತಿದಳು.

ಪುಣೆಯಿಂದ ಬಂದು ಗಿಡ ಮಾರುವವರ ಮನೆ ಎಂದು ಕೇಳಿದರೆ ಓಣಿಯವರೇ ತೋರಿಸಿದರು. ಒಳಗೆ ಮಗ್ಗದ ಸದ್ದು. ಮಗ್ಗದ ಕೆಳಗಿನ ತಗ್ಗಿನಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದ ಮುದುಕಿ ತಲೆಯೆತ್ತಿದಳು. ಗೌರೀಶನ ತಾಯಿ ಕೆಂಪವ್ವ.

"ಯಾರು ಬೇಕಾಗಿತ್ತವಾ?"

"ಗೌರೀಶ ಅವ್ರು ಅದಾರೇನ್ರಿ? ನಾ ಜಮಖಂಡಿಯಿಂದ ಬಂದೇನಿ. ನಮ್ಮ ಮನಿ ತೋಟಾ ಅವ್ರು ಮಾಡಿದ್ರು."

"ಅಂಗಡಿಗೆ ಹೋಗ್ಯಾನ, ಬರ್ತಾನ. ಕುಂದ್ರ. ಮನಿಯವ್ರು ಏನ್ ಮಾಡ್ತಾರ?"

ಇಲ್ಲಿ ಸುಳ್ಳು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಮನಿಯವ್ರು ಇಲ್ರಿ. ಸೋಡಚೀಟಿ ಆಗೇತಿ, ಒಬ್ಬಾಕಿನ ಇರ್ತೇನಿ. ಆದ್ರ ನಿಮ್ಮ ಮಗನ ಮುಂದ ಗಂಡ ಅದಾನಂತ ಸುಳ್ಳು ಹೇಳಿದ್ದೆ. ಅದಕ್ಕ ಸಿಟ್ಟಾಗ್ಯಾರ. ಕ್ಷಮಾ ಕೇಳಾಕ ಬಂದೇನಿ."

ಮಗ್ಗ ನಿಂತಿತು. ಕೆಂಪವ್ವ ಅವಳನ್ನು ದಿಟ್ಟಿಸಿದಳು.

"ಅದಕ್ಕೇನ ಅವ ಎರಡು ತಿಂಗಳಾತು ರೊಟ್ಟಿ ಮುರುದು ಹಂಗ ಎದ್ದು ಹೋಗಾಕತ್ಯಾನ!" ಅಂದಳು. ಆಮೇಲೆ ದನಿ ತಗ್ಗಿಸಿ, "ಸುಳ್ಳು ಯಾಕ ಹೇಳಿದಿ ತಂಗಿ?"

"ಒಬ್ಬಾಕಿ ಅಂತ ಗೊತ್ತಾದ್ರ ಮಂದಿ ನೋಡೂ ನೋಟ ಬ್ಯಾರೆ ಆಗತೈತ್ರಿ."

ಮುದುಕಿ ನೂಲಿನ ಮೇಲೆ ಕೈಯಾಡಿಸುತ್ತ ಕೂತಳು. "ನಮ್ಮ ಯಜಮಾನ್ರು ಹ್ವಾದ ಮ್ಯಾಲ, ಇವ ಪುಣೇದಾಗ ಇದ್ದಾಗ, ನೂಲು ಕೊಡಾಕ ಬಂದಾವ್ರಿಗೆ ನಾನೂ ಹೇಳ್ತಿದ್ದೆ. ಮಗಾ ಒಳಗ ಮಲಗ್ಯಾನಪಾ, ಸಾವಕಾಶ ಮಾತಾಡ್ರಿ ಅಂತ. ಒಳಗ ಯಾರಿದ್ರು? ನನ್ನಂಥಾ ಮುದುಕಿನ್ನೂ ಬಿಡಲಿಲ್ಲವಾ ಆ ಅಂಜಿಕಿ."

ಬಾಗಿಲಲ್ಲಿ ಏನೋ ಸಪ್ಪಳವಾಯಿತು. ಗೌರೀಶ ಹೊಸ್ತಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವನು ಮಂಗಲಾಳನ್ನು ನೋಡುತ್ತಿರಲಿಲ್ಲ. ತಾಯಿಯನ್ನು, ಎಂದೂ ನೋಡಿರದವನಂತೆ ನೋಡುತ್ತಿದ್ದ.

"ಯವ್ವಾ, ನನಗ ಎಂದೂ ಹೇಳಲಿಲ್ಲಲ್ಲ ಬೇ."

"ಏನ್ ಹೇಳೂದೈತಿ ಅದ್ರಾಗ? ಲೇ ಗೌರ್ಯಾ, ಮೊದಲ ಆಕಿಗೆ ನೀರು ಕೊಡು."

ಅವನು ತಂಬಿಗೆ ತಂದು ಕೊಟ್ಟ. ಅವಳ ಬೆರಳು ತಗುಲಿದರೂ ಕೈ ಹಿಂದೆಗೆದುಕೊಳ್ಳಲಿಲ್ಲ.

ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆದ. ಜಮಖಂಡಿಯ ಬಸ್ಸು ಬಂದು ನಿಂತು ಹೋಯಿತು. ಇಬ್ಬರೂ ನೋಡಿದರು, ಅವಳು ಹತ್ತಲಿಲ್ಲ.

"ಸಿಟ್ಟು ಇನ್ನೂ ಪೂರ್ತಿ ಹೋಗಿಲ್ರಿ," ಅಂದ.

"ಗೊತ್ತೈತಿ."

"ಒಂದು ಕೇಳ್ಲೇನು? ಇಷ್ಟು ದಿನಾ ಸಾಹೇಬ್ರಿಗೆ ಏನ್ ಬೇಕು ಅಂತ ಕೇಳಿದೆ. ನಿಮಗ ಏನ್ ಬೇಕು ಅಂತ ಕೇಳ್ಲೇ ಇಲ್ಲ. ನಿಮಗ ಏನ್ ಬೇಕಾಗಿತ್ತು?"

ಮಂಗಲಾ ಯೋಚಿಸಿದಳು. ಯಾವ ಗಿಡದ ಹೆಸರೂ ನೆನಪಾಗಲಿಲ್ಲ.

"ದಿನಾ ಮಂದಿ ಹೇಳಿದ್ದನ್ನೆಲ್ಲಾ ನಾ ಟೈಪ್ ಮಾಡ್ತೇನಿ," ಅಂದಳು. "ಸಂಜೀಕ ಮನಿಗೆ ಬಂದ ಮ್ಯಾಲ, ಇವತ್ತು ಏನಾತು ಅಂತ ನನ್ನ ಯಾರರ ಕೇಳಬೇಕಾಗಿತ್ತು. ಅಷ್ಟ."

ಅವನು ಗಂಟಲು ಸರಿಮಾಡಿಕೊಂಡ. "ಇವತ್ತು ಕೋರ್ಟಿನ್ಯಾಗ ಏನಾತ್ರಿ?"

"ಇವತ್ತು ರವಿವಾರ. ಕೋರ್ಟ್ ಸೂಟಿ."

ಇಬ್ಬರಿಗೂ ನಗು ಬಂತು. ಅವಳ ನಗು ಮಧ್ಯದಲ್ಲೇ ಒಡೆಯಿತು, ಸೆರಗಿನಿಂದ ಕಣ್ಣೊತ್ತಿಕೊಂಡಳು. ಇನ್ನೊಂದು ಬಸ್ಸು ಬಂತು.

"ಹಂಗಾರ ನಾಳೆ ಬಂದು ಕೇಳ್ತೇನಿ, ಮಂಗಲಾ," ಅಂದ ಅವನು. ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಸೋಮವಾರ ಇಡೀ ದಿನ ಅವಳು ಕೋರ್ಟಿನಲ್ಲಿ ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಂಡಳು. ಸಂಜೆ ಅವನು ಬಂದ. ಇಬ್ಬರೂ ಅಡುಗೆಮನೆಯಲ್ಲೇ ನಿಂತಿದ್ದರು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

"ಇವತ್ತು ಏನಾತು?" ಕೇಳಿದ.

"ಬೀಳಗಿ ಕಡೆಯ ಅಣ್ಣತಮ್ಮರು," ಶುರು ಮಾಡಿದಳು. "ಒಂದು ಎಮ್ಮಿ ಸಲುವಾಗಿ ಜಗಳಾ. ಎಮ್ಮಿ ನಂದು ಅಂತ ಅಣ್ಣ. ಕರಾ ನಂದು ಅಂತ ತಮ್ಮ. ಜಡ್ಜ್ ಸಾಹೇಬ್ರಿಗೆ ನಗು ತಡಿಯಾಕ ಆಗವಲ್ದು..."

ಹೇಳುತ್ತಿದ್ದಂತೆ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಈ ಮನೆಯ ಗೋಡೆಗಳು ಅವಳ ಇಷ್ಟು ಉದ್ದದ ಮಾತನ್ನು ಕೇಳಿಯೇ ಇರಲಿಲ್ಲ. ಥಟ್ಟನೆ ನಿಲ್ಲಿಸಿದಳು. ಯಾಕೆ ನಿಲ್ಲಿಸಿದೆ ಎಂದು ಅವಳಿಗೂ ಗೊತ್ತಾಗಲಿಲ್ಲ.

ಗೌರೀಶ ಗ್ಯಾಸ್ ಸಣ್ಣದು ಮಾಡಿದ. ಅವಸರವೇನೂ ಇಲ್ಲದವನಂತೆ ಕಟ್ಟೆಗೆ ಒರಗಿ ನಿಂತ.

"ಆಮ್ಯಾಲ?" ಅಂದ.